ಸಪ್ಪೆ ವಾರ

ಕೆ.ಆರ್. ಪುರದ ಹಳೇ ಊರಿಗೆ ಹೋಗಿ ಆಂಜನಮ್ಮನವರ ಮನೆ ಎಲ್ಲಿ ಎಂದು ಕೇಳಿದರೆ ಜನ ಒಂದು ಗಳಿಗೆ ತಲೆ ಕೆರೆದುಕೊಳ್ಳುತ್ತಾರೆ. ಆ ಹೆಸರಿನವರು ಅಲ್ಲಿ ಬೀದಿಗಿಬ್ಬರಾದರೂ ಇದ್ದಾರೆ. ಸೂಜಿ ಅಜ್ಜಿ ಮನೆ ಎಂದು ಕೇಳಬೇಕು. ಆಗ ಬೀದಿಯಲ್ಲಿ ಆಡುತ್ತಿರುವ ಮಕ್ಕಳೇ ಗೇಟಿನ ತನಕ ಬಂದು ಬಿಟ್ಟು ಹೋಗುತ್ತಾರೆ. ಆದರೆ ಈಗ ಆ ಹೆಸರು ಹಿಡಿದು ಯಾರಾದರೂ ಕೂಗಿದರೆ ಆಂಜನಮ್ಮ ತಿರುಗಿ ನೋಡುವುದಿಲ್ಲ.

ಹೆಸರು ಬಂದದ್ದು ಬಟ್ಟೆ ಹೊಲಿದಲ್ಲ. ದೊಡ್ಡ ಮೊಮ್ಮಗಳು ಭವ್ಯಳಿಗೆ ಎಂಟನೇ ವಯಸ್ಸಿಗೇ ಸಕ್ಕರೆ ಕಾಯಿಲೆ ಬಂತು. ಮುದುಕರಿಗೆ ಬರುವಂಥದ್ದಲ್ಲ, ಮಕ್ಕಳಿಗೆ ಬರುವ ಬೇರೆ ಜಾತಿಯದು. ಮಾತ್ರೆಗೆ ಬಗ್ಗುವುದಿಲ್ಲ, ಬದುಕಿರುವ ತನಕ ದಿನಕ್ಕೆ ಹಲವು ಸಲ ಇನ್ಸುಲಿನ್ ಚುಚ್ಚಲೇಬೇಕು. ಡಾಕ್ಟರು ಇದನ್ನು ಹೇಳಿ ಮುಗಿಸುವಷ್ಟರಲ್ಲಿ ಮನೆಯವರೆಲ್ಲ ಕಾಲು ಹಿಂದಿಟ್ಟಿದ್ದರು. ಮಗ ಶ್ರೀನಾಥ್ ಆರಡಿ ಆಳು, ಎಲೆಕ್ಟ್ರಿಕಲ್ ಅಂಗಡಿಯಲ್ಲಿ ಕರೆಂಟಿನ ಜೊತೆ ಸರಸವಾಡುವವನು. ಮಗಳ ತೊಡೆಯ ಹತ್ತಿರ ಸೂಜಿ ಹಿಡಿದು ಹೋದವನು ತಾನೇ ಬೆವೆತು ಮಂಚದ ಮೇಲೆ ಕುಸಿದು ಕೂತ. ಸೊಸೆ ಶ್ವೇತ ಅಳುತ್ತಳುತ್ತಲೇ ಚುಚ್ಚುತ್ತಿದ್ದಳು, ಮಗು ಅವಳಿಗಿಂತ ಜೋರಾಗಿ ಅಳುತ್ತಿತ್ತು. ಈ ಸಂತೆಯನ್ನು ನಾಲ್ಕು ದಿನ ನೋಡಿದ ಆಂಜನಮ್ಮ, ಐದನೇ ದಿನ ಸೆರಗು ಸಿಕ್ಕಿಸಿಕೊಂಡು ಮುಂದೆ ಬಂದರು.

"ಕೊಡಮ್ಮ ಇಲ್ಲಿ. ಅಳ್ಕೊಂಡು ಮಾಡೋ ಕೆಲಸ ಅಲ್ಲ ಇದು" ಎಂದರು.

ಅವತ್ತಿನಿಂದ ಸೂಜಿ ಅವರ ಕೈಗೆ ಬಂತು. ಶ್ವೇತ ಇಂದಿರಾನಗರದ ವಿಮಾ ಕಚೇರಿಗೆ ಬೆಳಿಗ್ಗೆಯೇ ಹೊರಟುಬಿಡುತ್ತಿದ್ದಳು, ಆದ್ದರಿಂದ ಸ್ಕೂಲಿಗೆ ಊಟದ ಹೊತ್ತಿಗೆ ಹೋಗಿ ಚುಚ್ಚಿ ಬರುವುದೂ ಅಜ್ಜಿಯ ಪಾಲಿಗೇ ಬಂತು. ಮಕ್ಕಳು ಕಿಟಕಿಯಲ್ಲಿ ಇಣುಕಿ "ಭವ್ಯಾ, ಸೂಜಿ ಅಜ್ಜಿ ಬಂದ್ರು" ಎಂದು ಕೂಗುತ್ತಿದ್ದರು. ಆಂಜನಮ್ಮನಿಗೆ ಅದು ಬಿರುದಿನಂತೆ ಕೇಳುತ್ತಿತ್ತು. ಸುಳ್ಳು ಯಾಕೆ ಹೇಳಬೇಕು, ಅವರಿಗೆ ಕೊಂಚ ಜಂಬವೂ ಇತ್ತು.

ಜಂಬ ಪಡಲು ಅವರ ಬಾಳಿನಲ್ಲಿ ಬೇರೇನೂ ಹೆಚ್ಚಿಗೆ ಇರಲಿಲ್ಲ. ಮದುವೆಯಾಗಿ ಬಂದಾಗ ಕೆರೆಯ ಹಿಂದೆ ಸೊಪ್ಪಿನ ತೋಟ. ಗಂಡ ಮುನಿಆಂಜನಪ್ಪ ನೀರು ಕಟ್ಟಬೇಕು, ಇವರು ದಂಟು, ಮೆಂತ್ಯ, ಕೊತ್ತಂಬರಿ ಕಿತ್ತು ಕಟ್ಟು ಕಟ್ಟಬೇಕು, ಬೆಳಗಾಗುವ ಮುಂಚೆ ಶಿವಾಜಿನಗರದ ರಸೆಲ್ ಮಾರುಕಟ್ಟೆ ಮುಟ್ಟಿಸಬೇಕು. ಹಾಗೇ ಅರ್ಧ ಆಯುಷ್ಯ ಕಳೆಯಿತು. ಆಮೇಲೆ ಊರೇ ಊರನ್ನು ನುಂಗುತ್ತಾ ಬಂತು. ತೋಟ ಸೈಟುಗಳಾಯಿತು, ಸೈಟಿನ ಮೇಲೆ ಮೂರಂತಸ್ತಿನ ಮನೆಯೆದ್ದಿತು, ಬಾಡಿಗೆಯವರು ಬಂದರು, ಮುನಿಆಂಜನಪ್ಪ ಹೋದರು. ಕೂತು ತಿನ್ನುವ ಕಾಲ ಬಂದರೂ ಆಂಜನಮ್ಮನಿಗೆ ಕೂತು ಅಭ್ಯಾಸವಿಲ್ಲ. ವಾರಕ್ಕೊಮ್ಮೆ ರಸೆಲ್ ಮಾರುಕಟ್ಟೆಗೆ ಹೋಗಿ, ಒಂದು ಕಾಲಕ್ಕೆ ತಾವೇ ಮಾರುತ್ತಿದ್ದ ಸೊಪ್ಪನ್ನು ಈಗ ಬೈದುಕೊಂಡು ಕೊಂಡು ಬರುತ್ತಿದ್ದರು. ಅಲ್ಲಿ ನಿಂಬೆಹಣ್ಣು, ಪುದೀನ ಮಾರುವ ಖುರ್ಷೀದಾ ಹಳೇ ಗೆಳತಿ. ಅವಳ ಪಕ್ಕದ ಗೋಣಿಚೀಲದ ಮೇಲೆ ಒಂದು ಲೋಟ ಚಹಾ ಕುಡಿಯದೆ ಆ ದಿನ ಮುಗಿಯುತ್ತಿರಲಿಲ್ಲ. ರಜೆ ಇದ್ದರೆ ಭವ್ಯಳೂ ಜೊತೆಗೆ ಹೋಗುವುದಿತ್ತು.

ಕಾಯಿಲೆ ಗೊತ್ತಾದ ವರ್ಷ ದೊಡ್ಡಾಸ್ಪತ್ರೆಯ ಡಾಕ್ಟರೊಬ್ಬರು ಒಂದು ಮಾತು ಹೇಳಿದ್ದರು. ಈ ಥರದ ಕಾಯಿಲೆ ಒಂಟಿಯಾಗಿ ಬರುವುದು ಕಮ್ಮಿ, ಹಿಂದಿನಿಂದ ಇನ್ನೊಂದು ಸದ್ದಿಲ್ಲದೆ ಬರಬಹುದು, ವರ್ಷಕ್ಕೊಮ್ಮೆ ರಕ್ತ ಕೊಟ್ಟು ಹೋಗಿ ಎಂದು. ಎರಡು ವರ್ಷ ಕೊಟ್ಟರು. ಎರಡು ಸಲವೂ ಏನೂ ಇಲ್ಲ ಎಂದು ಬಂತು. ಏನೂ ಇಲ್ಲದ್ದನ್ನು ಹುಡುಕಲು ಮಗುವಿನ ಕೈ ಯಾಕೆ ಮತ್ತೆ ಚುಚ್ಚಿಸಬೇಕು ಎಂದು ಮನೆಯವರಿಗೆ ಅನ್ನಿಸಿತು. ಮುಂದಿನ ಬೀದಿಯಲ್ಲೇ ಒಂದು ಕ್ಲಿನಿಕ್ ಆಯಿತು, ಅಲ್ಲಿನ ಡಾಕ್ಟರು ಒಳ್ಳೆಯ ಮಾತಿನವರು, ಕಾಯಿಸುವುದಿಲ್ಲ. ದೊಡ್ಡಾಸ್ಪತ್ರೆ ಹಾಗೇ ಮರೆತುಹೋಯಿತು. ಇದರಲ್ಲಿ ಯಾರದೂ ಕೆಟ್ಟ ಬುದ್ಧಿ ಇರಲಿಲ್ಲ. ನಾವೆಲ್ಲರೂ ಹೀಗೇ ಮರೆಯುತ್ತೇವೆ.

ಭವ್ಯಳಿಗೆ ಹದಿನಾಲ್ಕು ತುಂಬಿದ ಬೇಸಿಗೆಯಲ್ಲಿ ಮನೆಗೊಂದು ಸಂತೋಷದ ಸುದ್ದಿ ಬಂತು. ಸಕ್ಕರೆ ಇಳಿಯತೊಡಗಿತು. ಮೊದಮೊದಲು ಬೆಳಗಿನ ಹೊತ್ತು ಇಳಿಯುತ್ತಿತ್ತು, ಆಮೇಲೆ ಯಾವಾಗೆಂದರೆ ಆಗ. ಚುಚ್ಚುವ ಇನ್ಸುಲಿನ್ ಕಮ್ಮಿ ಮಾಡಿದರು, ಮತ್ತೂ ಇಳಿಯಿತು, ಮತ್ತೂ ಕಮ್ಮಿ ಮಾಡಿದರು. ಕೆಲವೇ ತಿಂಗಳಲ್ಲಿ ಅಳತೆ ಅರ್ಧಕ್ಕೆ ಬಂತು. ಕ್ಲಿನಿಕ್ಕಿನ ಡಾಕ್ಟರು, "ಅಜ್ಜಿ ಚೆನ್ನಾಗಿ ನೋಡ್ಕೊಂಡಿದಾರೆ ಕಣ್ರೀ" ಎಂದು ಶ್ವೇತಳ ಮುಂದೆಯೇ ಹೊಗಳಿದರು. ಆಂಜನಮ್ಮನಿಗೆ ನೆಲದ ಮೇಲೆ ಕಾಲು ನಿಲ್ಲಲಿಲ್ಲ. ಬೆಳೆಯುವ ವಯಸ್ಸಿನ ಹುಡುಗಿಗೆ ಇನ್ಸುಲಿನ್ ಏರಬೇಕೇ ಹೊರತು ಇಳಿಯಬಾರದು, ಇಳಿದರೆ ಒಳಗೆ ಬೇರೇನೋ ಮುರಿದಿದೆ ಎಂದು ಅರ್ಥ. ಇದನ್ನು ಅವತ್ತು ಹೇಳಬೇಕಾದವರು ಹೇಳಲಿಲ್ಲ. ಹೇಳದವರ ಮೇಲೆ ಈಗ ಹಲ್ಲು ಕಡಿದು ಏನು ಬಂತು.

ಇಳಿದದ್ದು ಯಾಕೆ ಎಂಬುದಕ್ಕೆ ಆಂಜನಮ್ಮನ ಬಳಿ ಉತ್ತರ ಸಿದ್ಧವಾಗಿತ್ತು. ಆರು ವರ್ಷದ ಹಿಂದೆ, ಸೂಜಿ ಹಿಡಿದ ಮೊದಲನೇ ದಿನವೇ ಅವರು ಊರ ದೇವತೆ ಮುತ್ಯಾಲಮ್ಮನ ಮುಂದೆ ನಿಂತು ಹರಕೆ ಹೊತ್ತಿದ್ದರು. "ಈ ಮಗೂನ ಸೂಜಿ ಇಳಿಸು ತಾಯಿ. ತಂಬಿಟ್ಟಿನಾರತಿ ಎತ್ಕೊಂಡು ಬತ್ತೀನಿ. ಮಗೂನೂ ಒಂದು ವಾರ ಸಪ್ಪೆ ಉಂಡು ನಿನ್ ಮುಂದೆ ನಿಂತ್ಕೊತದೆ."

ಆ ಮನೆತನದಲ್ಲಿ ಹರಕೆ ತೀರಿಸುವ ಕ್ರಮವೇ ಹಾಗೆ. ಅಕ್ಕಿ ಹಿಟ್ಟು, ಬೆಲ್ಲದ ತಂಬಿಟ್ಟಿನಲ್ಲಿ ದೀಪ ಹಚ್ಚಿ ಆರತಿ ಎತ್ತುವುದು ಎಲ್ಲರ ಮನೆಯಲ್ಲೂ ಇದೆ. ಆದರೆ ಇವರ ಮನೆಯಲ್ಲಿ, ಯಾರಿಗೆ ಒಳ್ಳೆಯದಾಯಿತೋ ಅವರು ಆರತಿಗೆ ಮುಂಚೆ ಒಂದು ವಾರ ಉಪ್ಪು ಮುಟ್ಟುವಂತಿಲ್ಲ. ಶ್ರೀನಾಥನಿಗೆ ಚಿಕ್ಕಂದಿನಲ್ಲಿ ಕಾಮಾಲೆ ವಾಸಿಯಾದಾಗ ಅವನೂ ಸಪ್ಪೆ ಉಂಡಿದ್ದ. ಯಾರಿಗೂ ಏನೂ ಆಗಿರಲಿಲ್ಲ. ಗಟ್ಟಿ ಮೈಯವರಿಗೆ ಒಂದು ವಾರ ಉಪ್ಪಿಲ್ಲದಿದ್ದರೆ ಊಟ ಸೇರುವುದಿಲ್ಲ, ಅಷ್ಟೇ.

ಭವ್ಯಳ ಮೈ ಗಟ್ಟಿಯಾಗಿರಲಿಲ್ಲ. ಅದನ್ನು ಒಬ್ಬೊಬ್ಬರೂ ಒಂದೊಂದು ಕಡೆಯಿಂದ ಕಂಡರು. ಪ್ರಾರ್ಥನೆಗೆ ನಿಂತಾಗ ಹುಡುಗಿ ಎರಡು ಸಲ ತಲೆ ತಿರುಗಿ ಕೂತಳು ಎಂದು ಸ್ಕೂಲಿನವರು ಹೇಳಿ ಕಳಿಸಿದರು. ತಿಂಡಿ ಸರಿಯಾಗಿ ತಿಂದಿರಲಾರಳು ಎಂದಾಯಿತು. ಹೋದ ವರ್ಷದ ಚೂಡಿದಾರ್ ಸಡಿಲವಾಯಿತು ಎಂದು ಶ್ವೇತ ಕಂಡಳು. ಬೆಳೆಯುವ ಹುಡುಗಿ, ಉದ್ದ ಆಗುತ್ತಿದ್ದಾಳೆ ಎಂದಾಯಿತು. ಮೆಟ್ಟಿಲು ಹತ್ತಿದರೆ ಏದುಸಿರು ಬಿಡುತ್ತಾಳೆ ಎಂದು ಶ್ರೀನಾಥ್ ಕಂಡ. ಮೊಬೈಲು ನೋಡಿ ನಿದ್ದೆಗೆಡುತ್ತಾಳೆ ಎಂದಾಯಿತು. ಎಲ್ಲವನ್ನೂ ಒಂದು ಕಡೆ ರಾಶಿ ಹಾಕಿ ನೋಡುವವರು ಮಾತ್ರ ಒಬ್ಬರೂ ಇರಲಿಲ್ಲ.

ಬಣ್ಣದ ಮಾತು ತೆಗೆದವಳು ಖುರ್ಷೀದಾ. ಒಂದು ದಿನ ಅಜ್ಜಿಯ ಜೊತೆ ಮಾರುಕಟ್ಟೆಗೆ ಬಂದ ಭವ್ಯಳ ಕೈ ಹಿಡಿದು, ಬೆರಳ ಗಿಣ್ಣುಗಳನ್ನು ತಿಕ್ಕಿ ನೋಡಿದಳು.

"ಏನ್ ಆಂಜನಮ್ಮ, ಬೇಟಿ ಇಷ್ಟು ಕಪ್ಪಾಗ್ಬಿಟ್ಟವಳೆ. ನೋಡಿಲ್ಲಿ, ಅಂಗೈ ಗೆರೆ ಎಲ್ಲಾ ಕಪ್ಪು. ಬಿಸಿಲಿಗೆ ಅಂಗೈ ಕಪ್ಪಾಗ್ತದಾ? ಡಾಕ್ಟರಿಗೆ ತೋರ್ಸು."

ಮಗುವಿನ ಎದುರಿಗೇ ಬಣ್ಣದ ಮಾತು ಆಡಿದಳಲ್ಲ ಎಂದು ಆಂಜನಮ್ಮನಿಗೆ ಸಿಟ್ಟು ಬಂತು. ಭವ್ಯ ಕೈ ಹಿಂದಕ್ಕೆಳೆದುಕೊಂಡು ದುಪಟ್ಟಾದೊಳಗೆ ಮುಚ್ಚಿಕೊಂಡಳು. "ನಮ್ ವಂಶದಲ್ಲಿ ಯಾರು ಬೆಳ್ಳಗವ್ರೆ ಬಿಡು" ಎಂದು ಅಜ್ಜಿ ಚಹಾ ಅರ್ಧಕ್ಕೇ ಬಿಟ್ಟು ಎದ್ದರು. ಮನೆಗೆ ಬಂದವರು ಕಡಲೆಹಿಟ್ಟು, ಮೊಸರು, ಅರಿಶಿನ ಕಲಸಿ ಮೊಮ್ಮಗಳ ಕೈಗೆ ಹಚ್ಚಿ ತಿಕ್ಕಿದರು. ಬಣ್ಣ ಹೋಗಲಿಲ್ಲ.

ಇನ್ನೊಂದನ್ನು ಆಂಜನಮ್ಮ ಒಬ್ಬರೇ ಕಂಡದ್ದು. ಹುಡುಗಿಗೆ ಉಪ್ಪಿನ ಹುಚ್ಚು ಹತ್ತಿತ್ತು. ಮಾವಿನಕಾಯಿಗೆ ಉಪ್ಪು ಖಾರ ಹಚ್ಚಿ ತಿನ್ನದ ಹೆಣ್ಣುಮಕ್ಕಳು ಯಾರಿದ್ದಾರೆ, ಅದಲ್ಲ. ಭವ್ಯ ಉಪ್ಪಿನಕಾಯಿಯ ಹೋಳು ಬಿಟ್ಟು ರಸ ಸುರಿದುಕೊಳ್ಳುತ್ತಿದ್ದಳು. ಮಜ್ಜಿಗೆಗೆ ಉಪ್ಪು ಹಾಕಿ, ಕುಡಿದು ನೋಡಿ, ಮತ್ತೆ ಹಾಕುತ್ತಿದ್ದಳು. ಡಬ್ಬಿಯಿಂದ ಹರಳುಪ್ಪು ತೆಗೆದು ಕಲ್ಲುಸಕ್ಕರೆಯಂತೆ ಬಾಯಲ್ಲಿಟ್ಟುಕೊಳ್ಳುವುದನ್ನೂ ಅಜ್ಜಿ ನೋಡಿದ್ದರು. ಪಾಪ, ಸಿಹಿ ತಿನ್ನುವಂತಿಲ್ಲದ ಮಗು, ಉಪ್ಪಾದರೂ ತಿನ್ನಲಿ ಎಂದು ಸುಮ್ಮನಾದರು. ಇದನ್ನು ಡಾಕ್ಟರ ಮುಂದೆ ಹೇಳಬೇಕು ಎಂದು ಅವರಿಗೆ ಹೊಳೆಯಲಿಲ್ಲ. ಕ್ಲಿನಿಕ್ಕಿನಲ್ಲಿ ಯಾರೂ ಕೇಳಲೂ ಇಲ್ಲ.

ಆಷಾಢ ಕಳೆದ ಮೇಲೆ ಆರತಿಯ ಮಂಗಳವಾರ ಗೊತ್ತಾಯಿತು. ಸಪ್ಪೆ ವಾರದ ಹಿಂದಿನ ಸಂಜೆ ಶ್ವೇತ ಅಡುಗೆಮನೆಯ ಬಾಗಿಲಲ್ಲಿ ನಿಂತು ಅನುಮಾನಿಸಿದಳು.

"ಅತ್ತೆ, ಇವಳಿಗೆ ಯಾಕೋ ಸುಸ್ತು ಜಾಸ್ತಿ ಆಗಿದೆ. ಸಪ್ಪೆ ಊಟ ಈಗ್ಲೇ ಬೇಕಾ?"

"ಒಳ್ಳೇದಾಗಿರೋದೇ ಅವಳಿಗೆ ಕಣಮ್ಮ. ದೇವ್ರತ್ರ ಇಸ್ಕೊಂಡು ಕೊಡದೆ ಇರಕಾಯ್ತದಾ?"

ಶ್ವೇತ ಸ್ವಲ್ಪ ಹೊತ್ತು ಯೋಚಿಸಿದಳು. ಉಪ್ಪು ಕಮ್ಮಿ ತಿನ್ನಿ ಎಂದು ಆಫೀಸಿನಲ್ಲಿ ಎಲ್ಲರ ಬಿಪಿಗೂ ಡಾಕ್ಟರುಗಳು ಹೇಳುತ್ತಲೇ ಇರುತ್ತಾರೆ. ಒಂದು ವಾರ ಬಿಟ್ಟರೆ ಒಳ್ಳೆಯದೇ ಅಲ್ಲವೇ. "ಹೂಂ, ಆಯ್ತು" ಎಂದಳು. ಭವ್ಯಳೂ ಹೂಂ ಅಂದಳು. ಅವಳಿಗೆ ನಂಬಿಕೆ ಅಜ್ಜಿಗಿಂತ ಹೆಚ್ಚಿತ್ತು. ಅರ್ಧ ಇಳಿಸಿದ ಮುತ್ಯಾಲಮ್ಮ ಇನ್ನರ್ಧವನ್ನೂ ಇಳಿಸಿದರೆ, ಗೆಳತಿಯರ ಜೊತೆ ತಿಂಡಿ ಅಂಗಡಿಗಳ ಸಾಲಿರುವ ಮಸೀದಿ ರಸ್ತೆಗೆ ಹೋಗಿ ಲೆಕ್ಕವಿಲ್ಲದೆ ತಿಂದು ಬರಬೇಕು ಎಂದು ತಂಗಿ ಆಶ್ರಿತಾಳ ಕಿವಿಯಲ್ಲಿ ಹೇಳಿಕೊಂಡಿದ್ದಳು.

ಮೊದಲೆರಡು ದಿನ ತಡೆದುಕೊಂಡಳು. ಮೂರನೇ ದಿನ ಮಧ್ಯಾಹ್ನ ಆಂಜನಮ್ಮ ಅಡುಗೆಮನೆಗೆ ಬಂದಾಗ ಹುಡುಗಿ ಸಿಂಕಿನ ಹತ್ತಿರ ನಿಂತಿದ್ದಳು. ಮುಷ್ಟಿ ಬಿಗಿಯಾಗಿತ್ತು.

"ಏನದು, ತೋರ್ಸು."

"ಒಂದೇ ಒಂದು ಹರಳು ಅಜ್ಜಿ. ನಂಗೆ ತಡ್ಕೊಳಕ್ಕೇ ಆಗ್ತಿಲ್ಲ. ಬಾಯಲ್ಲ, ಮೈಯೇ ಕೇಳ್ತಿದೆ."

ಆಂಜನಮ್ಮ ಬೈಯಲಿಲ್ಲ. ಬೈದಿದ್ದರೆ ಹುಡುಗಿ ರೇಗಿ ಬಾಯಿಗೆ ಹಾಕಿಕೊಂಡುಬಿಡುತ್ತಿದ್ದಳೇನೋ. ಅವರು ಮೊಮ್ಮಗಳ ತಲೆ ಸವರಿ, ಬೆರಳುಗಳನ್ನು ಒಂದೊಂದಾಗಿ ಬಿಡಿಸಿ, ಉಪ್ಪನ್ನು ನಲ್ಲಿಯ ನೀರಿಗೆ ಬಿಟ್ಟರು. ಅಂಗೈಯನ್ನೂ ತೊಳೆದರು. "ಇನ್ನೇನು ಕಂದ, ನಾಲ್ಕೇ ದಿವ್ಸ. ನನ್ ಬಂಗಾರ ಅಲ್ವಾ ನೀನು" ಎಂದರು. ಭವ್ಯ ತಲೆಯಾಡಿಸಿ, ಗೋಡೆ ಹಿಡಿದುಕೊಂಡು ಕೋಣೆಗೆ ಹೋಗಿ ಮಲಗಿದಳು.

ಮಾರನೇ ದಿನ ವಾಂತಿ ಶುರುವಾಯಿತು, ಮೈ ಬಿಸಿಯಾಯಿತು. ಹತ್ತಿರದ ನರ್ಸಿಂಗ್ ಹೋಮಿನಲ್ಲಿ ಸಕ್ಕರೆ ತೀರಾ ಇಳಿದಿದೆ, ಹೊಟ್ಟೆಯ ಸೋಂಕು ಎಂದು ಗ್ಲೂಕೋಸ್ ಏರಿಸಿದರು. ಹುಡುಗಿ ಕಣ್ಣು ಬಿಟ್ಟು ಮಾತಾಡಿದಳು. ಎಲ್ಲರಿಗೂ ಹೋದ ಜೀವ ಬಂದಂತಾಯಿತು, ಮನೆಗೆ ಕರೆತಂದರು. ಗ್ಲೂಕೋಸಿನ ಜೊತೆ ಮೈಯೊಳಗೆ ಸೇರಿದ ಚೂರುಪಾರು ಬಲ ಎಷ್ಟು ಹೊತ್ತು ಬಂದೀತು. ಭಾನುವಾರ ಬೆಳಿಗ್ಗೆ ಆಂಜನಮ್ಮ ಸೂಜಿ ಹಿಡಿದುಕೊಂಡು ಎಬ್ಬಿಸಲು ಹೋದಾಗ ಮಗು ಏಳಲಿಲ್ಲ. ಮೈ ತಣ್ಣಗಿತ್ತು, ಉಸಿರು ಇತ್ತು. ಸೂಜಿಯನ್ನು ಅಲ್ಲೇ ಎಸೆದು "ಶ್ರೀನಾಥಾ" ಎಂದು ಕೂಗಿದ ಕೂಗಿಗೆ ಮೇಲಿನ ಮನೆಯ ಬಾಡಿಗೆಯವರೆಲ್ಲ ಇಳಿದು ಬಂದರು.

ಹಲಸೂರಿನ ಕಡೆಯ ಅದೇ ಹಳೇ ದೊಡ್ಡಾಸ್ಪತ್ರೆಗೆ ಒಯ್ದರು. ಮಕ್ಕಳ ವಿಭಾಗದ ಡಾಕ್ಟರು ಪ್ರಿಯಂವದಾ, ಇನ್ನೂ ಚಿಕ್ಕ ವಯಸ್ಸಿನವರು. ಅವರು ಭವ್ಯಳ ತುಟಿ ಮೇಲೆತ್ತಿ ವಸಡು ನೋಡಿದರು. ಅಂಗೈ ನೋಡಿದರು. ಮಂಡಿಯ ಹಳೇ ಗಾಯದ ಕಲೆ ಇದ್ದಿಲಿನ ಹಾಗೆ ಕಪ್ಪಾಗಿದ್ದುದನ್ನು ನೋಡಿದರು. ತಕ್ಷಣ ನರ್ಸಿಗೆ ಏನೋ ಇಂಜೆಕ್ಷನ್ ಹೇಳಿ, ಈ ಕಡೆ ತಿರುಗಿದರು.

"ಈ ಹುಡುಗಿ ಮೊದ್ಲಿಂದ ಇಷ್ಟೇ ಬಣ್ಣ ಇದ್ಲಾ?"

ಶ್ರೀನಾಥ್ ಮೊಬೈಲಿನಲ್ಲಿ ಹೋದ ವರ್ಷದ ಫೋಟೋ ತೆಗೆದು ಹಿಡಿದ. ಹಿಡಿದವನೇ ತಾನೂ ನೋಡಿದ, ಶ್ವೇತಳೂ ನೋಡಿದಳು. ದಿನಾ ನೋಡುವ ಕಣ್ಣಿಗೆ ಕಾಣದ್ದು ಅಲ್ಲಿ ಎದ್ದು ಕಾಣುತ್ತಿತ್ತು.

"ಇತ್ತೀಚೆಗೆ ಉಪ್ಪು ಜಾಸ್ತಿ ತಿಂತಿದ್ಲಾ? ಯಾರಾದ್ರೂ ಗಮನಿಸಿದ್ರಾ?"

ಸೊಸೆ ಇಲ್ಲವೆಂದು ತಲೆಯಾಡಿಸುತ್ತಿದ್ದಳು. ಆಂಜನಮ್ಮ ಗೋಡೆಯ ಪಕ್ಕದಿಂದ ಮುಂದೆ ಬಂದರು.

"ತಿಂತಿದ್ಲು. ಹರಳು ಹರಳೇ ತಿಂತಿದ್ಲು. ಈ ವಾರ ನಾನೇ ಬಿಡಿಸಿದ್ದೆ. ಕೈಯಾಗಿದ್ದಿದ್ದನ್ನೂ ಕಿತ್ಕೊಂಡೆ."

ಡಾಕ್ಟರು ಒಂದು ಕ್ಷಣ ಆ ಮುದುಕಿಯನ್ನೇ ನೋಡಿದರು. ಮರುಗಳಿಗೆ ಒಳಗೆ ಓಡಿದರು. ಬಾಗಿಲು ಮುಚ್ಚಿತು. ಒಳಗೆ ಏನೇನು ಮಾಡಿದರೋ, ಮಾಡುವುದನ್ನೆಲ್ಲ ಮಾಡಿದರು ಎಂದು ಮಾತ್ರ ಹೇಳಬಲ್ಲೆ. ಮಧ್ಯಾಹ್ನ ಆಸ್ಪತ್ರೆಯ ಕ್ಯಾಂಟೀನಿನಿಂದ ಊಟದ ವಾಸನೆ ಬರುತ್ತಿರುವಾಗ ಭವ್ಯ ಹೋದಳು.

ಆಮೇಲೆ ಪ್ರಿಯಂವದಾ ಮೂವರನ್ನೂ ಕೂರಿಸಿಕೊಂಡು ಹೇಳಿದರು. ಮನುಷ್ಯನ ಮೈಗೊಂದು ಕಾವಲಿರುತ್ತದೆ, ಹೊರಗಿನಿಂದ ಬರುವ ರೋಗವನ್ನು ಹೊಡೆದೋಡಿಸಲು. ಕೆಲವು ಮಕ್ಕಳಲ್ಲಿ ಆ ಕಾವಲಿಗೇ ಮನೆಯವರು ಯಾರು, ಹೊರಗಿನವರು ಯಾರು ಎಂಬ ಗುರುತು ತಪ್ಪುತ್ತದೆ. ಭವ್ಯಳಲ್ಲಿ ಅದು ಮೊದಲು ಇನ್ಸುಲಿನ್ ಮಾಡುವ ಭಾಗವನ್ನು ಕೊಂದಿತು. ಅಷ್ಟಕ್ಕೇ ನಿಲ್ಲದೆ ಥೈರಾಯ್ಡಿನ ಮೇಲೆ ಕೈ ಹಾಕಿತು. ಕಡೆಗೆ, ಮೂತ್ರಪಿಂಡದ ತಲೆಯ ಮೇಲೆ ಟೋಪಿಯ ಹಾಗೆ ಕೂತಿರುವ ಅಡ್ರಿನಲ್ ಎಂಬ ಗ್ರಂಥಿಯನ್ನು ತಿಂದು ಹಾಕಿತು. ಮೈಯಲ್ಲಿ ಉಪ್ಪು ಉಳಿಸಿಕೊಳ್ಳುವುದು, ಸಕ್ಕರೆ ಬೀಳದಂತೆ ಹಿಡಿಯುವುದು ಆ ಗ್ರಂಥಿಯ ಕೆಲಸ. ಅದು ಸತ್ತರೆ ಸಕ್ಕರೆ ಇಳಿಯುತ್ತದೆ, ಮೈ ಕಪ್ಪಾಗುತ್ತದೆ, ಜೀವ ಉಪ್ಪು ಉಪ್ಪು ಎನ್ನುತ್ತದೆ.

"ಅಂದ್ರೆ ಸಕ್ಕರೆ ಇಳಿದಿದ್ದು..." ಎಂದು ಶ್ವೇತ ನಿಲ್ಲಿಸಿದಳು.

"ವಾಸಿಯಾಗಿ ಅಲ್ಲ" ಎಂದರು ಡಾಕ್ಟರು.

ತಂಬಿಟ್ಟಿಗೆಂದು ಬೀಸಿಸಿಟ್ಟಿದ್ದ ಹಿಟ್ಟನ್ನು ಶ್ವೇತ ಬೀದಿಯ ಹಸುವಿಗೆ ಹಾಕಿದಳು. ಅತ್ತೆಯ ಮೇಲೆ ಅವಳು ಕೂಗಾಡಲಿಲ್ಲ. ಕೂಗಾಡಿದ್ದರೆ ಆಂಜನಮ್ಮನಿಗೆ ಹಗುರಾಗುತ್ತಿತ್ತು. ಅವಳು ಊಟಕ್ಕೆ ಬಡಿಸುತ್ತಿದ್ದಳು, ನೀರಿಡುತ್ತಿದ್ದಳು, ಮುಖ ಮಾತ್ರ ಎತ್ತುತ್ತಿರಲಿಲ್ಲ. ತಿಥಿ ಮುಗಿದು ನೆಂಟರು ಹೋದ ಮೇಲೆ ಒಂದು ಸಂಜೆ, ಸೊಪ್ಪು ಬಿಡಿಸುತ್ತಾ ಕೂತಿದ್ದ ಅತ್ತೆಯ ಪಕ್ಕ ಬಂದು ಕೂತಳು. ಬಹಳ ಹೊತ್ತು ಇಬ್ಬರೂ ಸೊಪ್ಪನ್ನೇ ಬಿಡಿಸಿದರು.

"ನಾನೂ ಹೂಂ ಅಂದಿದ್ದೆ ಅತ್ತೆ" ಎಂದಳು ಶ್ವೇತ. ಅಷ್ಟೇ ಅಂದದ್ದು. ಅದಾದ ಮೇಲೆ ಅವರಿಬ್ಬರ ನಡುವೆ ಮಾತು ಮೆಲ್ಲಗೆ ಮತ್ತೆ ಬಂತು.

ಮಾರುಕಟ್ಟೆಗೆ ಹೋಗುವುದನ್ನು ಆಂಜನಮ್ಮ ಬಿಟ್ಟರು. ಖುರ್ಷೀದಾಳೇ ಒಂದು ದಿನ ಬುರ್ಖಾ ತೊಟ್ಟು ಮನೆ ಹುಡುಕಿಕೊಂಡು ಬಂದಳು. ಸೂಜಿ ಅಜ್ಜಿ ಮನೆ ಎಂದು ಮಕ್ಕಳನ್ನು ಕೇಳಿಯೇ ಬಂದಿದ್ದಳು, ಅವಳಿಗೇನು ಗೊತ್ತು. ನಾನು ಅವತ್ತೇ ಹೇಳಿದ್ದೆನಲ್ಲ ಎಂಬ ಮಾತು ಅವಳ ಬಾಯಿಂದ ಬರಲಿಲ್ಲ. ಗೆಳತಿಯ ಕೈ ಹಿಡಿದು ಕೂತಿದ್ದು, ಹೋಗುವಾಗ ಒಂದು ಚೀಲ ನಿಂಬೆಹಣ್ಣು ಬಿಟ್ಟು ಹೋದಳು. ಆಂಜನಮ್ಮ ಅವತ್ತು ಮೊದಲ ಸಲ ಬೆನ್ನು ತಿರುಗಿಸಿ ಮಲಗಿ ಅತ್ತರು.

ದೊಡ್ಡಾಸ್ಪತ್ರೆಯಿಂದ ಫೋನು ಬರತೊಡಗಿತು. ಚಿಕ್ಕವಳನ್ನು ಕರೆತನ್ನಿ, ಒಂದೇ ರಕ್ತದವರಲ್ಲಿ ಇದು ಇರುವ ಸಾಧ್ಯತೆ ಹೆಚ್ಚು, ಒಂದು ಸಲ ನೋಡಿಬಿಡೋಣ ಎಂದು ಪ್ರಿಯಂವದಾ ತಾವೇ ಹೇಳಿದರು. ಆಶ್ರಿತಾಳಿಗೆ ಒಂಬತ್ತು. ಗುಂಡುಗುಂಡಾಗಿದ್ದಳು, ಮೂರು ಹೊತ್ತೂ ಕುಣಿಯುತ್ತಿದ್ದಳು. ಶ್ರೀನಾಥ್ ಜಪ್ಪಯ್ಯ ಎಂದರೂ ಒಪ್ಪಲಿಲ್ಲ.

"ಆ ಆಸ್ಪತ್ರೆ ಮೆಟ್ಲು ನಾನ್ ಹತ್ತಲ್ಲ. ಚೆನ್ನಾಗಿರೋ ಮಗೂಗೆ ಏನಂತ ಹುಡುಕ್ಸೋದು? ಹುಡುಕಿದ್ರೆ ಏನಾದ್ರೂ ಒಂದು ಸಿಕ್ಕೇ ಸಿಗತ್ತೆ. ಆಮೇಲೆ ದಿನಾ ಅದನ್ನೇ ನೋಡ್ಕೊಂಡು ಸಾಯೋದಾ?"

ಗಂಡಸಿನ ಕೋಪ ಎಂದು ಅದನ್ನು ತಿಳಿಯಬಾರದು, ಅದು ಬರೀ ಭಯ. ಶ್ವೇತಳಿಗೂ ಅದೇ ಭಯ; ಕಚೇರಿಗೆ ರಜೆ ಹಾಕುತ್ತೇನೆ ಎನ್ನುತ್ತಿದ್ದಳು, ಹಾಕುತ್ತಿರಲಿಲ್ಲ. ಆಂಜನಮ್ಮ ಎಷ್ಟೋ ದಿನ ಬಾಯಿ ಬಿಡಲಿಲ್ಲ. ಈ ಮನೆಯ ಮಗುವಿನ ವಿಷಯದಲ್ಲಿ ಇನ್ನು ಮಾತಾಡಲು ತಮಗೆ ಯಾವ ಮುಖವಿದೆ ಎಂದುಕೊಂಡಿದ್ದರು. ಒಂದು ಬೆಳಿಗ್ಗೆ ಆಶ್ರಿತಾ ತಿಂಡಿ ಬೇಡವೆಂದು ಹಟ ಹಿಡಿದು ತಟ್ಟೆ ತಳ್ಳಿದಳು. ಎಲ್ಲ ಮಕ್ಕಳೂ ಮಾಡುವುದೇ. ಆದರೆ ಶ್ರೀನಾಥ್, ಶ್ವೇತ, ಆಂಜನಮ್ಮ ಮೂವರೂ ಕೈಯಲ್ಲಿದ್ದುದನ್ನು ಬಿಟ್ಟು ಅವಳ ಮುಖವನ್ನೇ ನೋಡುತ್ತಾ ನಿಂತುಬಿಟ್ಟರು. ಮಗು ಹೆದರಿ ತಟ್ಟೆ ಹತ್ತಿರಕ್ಕೆಳೆದುಕೊಂಡಿತು.

ಆಗ ಆಂಜನಮ್ಮ ಮಗನಿಗೆ ಹೇಳಿದರು. "ನೋಡ್ದೆ ಇದ್ರೂ ದಿನಾ ಸಾಯ್ತಾನೇ ಇದೀವಲ್ಲೋ. ನಾನು ಕರ್ಕೊಂಡು ಹೋಯ್ತೀನಿ. ನೀನು ಬರ್ಬೇಡ. ಬೇಡ ಅಂತ ಮಾತ್ರ ಅನ್ಬೇಡ."

ಶ್ರೀನಾಥ್ ಬೇಡ ಅನ್ನಲಿಲ್ಲ.

ಅಜ್ಜಿ ಮೊಮ್ಮಗಳು ಮೆಟ್ರೋ ಹತ್ತಿದರು. ಹಲಸೂರಿನಲ್ಲಿ ಇಳಿಯುವ ತನಕ ಹುಡುಗಿ ಕಿಟಕಿಗೆ ಮೂಗು ಒತ್ತಿಕೊಂಡೇ ಇದ್ದಳು. ಆಸ್ಪತ್ರೆಯಲ್ಲಿ ಪ್ರಯೋಗಾಲಯದ ಹೆಣ್ಣುಮಗಳು ತೋಳಿಗೆ ಪಟ್ಟಿ ಕಟ್ಟಿ, ಒಂದಿಷ್ಟು ರಕ್ತ ತೆಗೆದು, ಹತ್ತಿ ಒತ್ತಿದಳು. ಆಶ್ರಿತಾ ಮುಖ ಹಿಂಡಿದಳು, ಅಳಲಿಲ್ಲ. ಕುರ್ಚಿಯಿಂದ ಧುಮುಕಿ, "ಆಯ್ತಾ ಅಜ್ಜಿ? ಇನ್ನು ಜ್ಯೂಸ್ ಕೊಡ್ಸು" ಎಂದಳು. ಕೊಡಿಸಿಕೊಂಡು ಬಂದರು.

ಫಲಿತಾಂಶ ಬಂದ ದಿನವೂ ಇಬ್ಬರೇ ಹೋದರು. ಪ್ರಿಯಂವದಾ ಮಗುವಿನ ನಾಲಿಗೆ, ವಸಡು, ಅಂಗೈ ನೋಡಿ, ಬಿಪಿ ನೋಡಿ, ಬೊಂಬೆ ಕೊಟ್ಟು ಮೂಲೆಯಲ್ಲಿ ಕೂರಿಸಿದರು. ಆಮೇಲೆ ಕುರ್ಚಿಯನ್ನು ಆಂಜನಮ್ಮನ ಹತ್ತಿರಕ್ಕೆ ಎಳೆದುಕೊಂಡರು. ಆ ಕುರ್ಚಿ ಎಳೆದ ಸದ್ದಿಗೇ ಆಂಜನಮ್ಮನಿಗೆ ಗೊತ್ತಾಗಿಹೋಯಿತು.

"ಐತಾ ತಾಯಿ?"

"ಇದೆ ಅಜ್ಜಿ. ಸಕ್ಕರೆದಲ್ಲ. ಅಕ್ಕನಿಗೆ ಕೊನೇಲಿ ಬಂತಲ್ಲ, ಅಡ್ರಿನಲ್, ಅದರದ್ದು. ಇನ್ನೂ ಕಾಯಿಲೆ ಅಲ್ಲ, ರಕ್ತದಲ್ಲಿ ಗುರುತು ಕಾಣಿಸ್ಕೊಂಡಿದೆ. ಗ್ರಂಥಿ ಇನ್ನೂ ಕೆಲಸ ಮಾಡ್ತಾ ಇದೆ. ಬರ್ಬಹುದು, ಬರೋಕೆ ವರ್ಷಗಳೂ ಆಗ್ಬಹುದು. ಆರು ತಿಂಗ್ಳಿಗೊಮ್ಮೆ ಕರ್ಕೊಂಡು ಬನ್ನಿ. ಜ್ವರ ಬಂದ್ರೆ, ವಾಂತಿ ಆದ್ರೆ, ಒಂದು ಗಂಟೆನೂ ಮನೇಲಿ ಇಟ್ಕೊಬೇಡಿ. ಬೇಗ ಸಿಕ್ತು ಅಜ್ಜಿ, ಅದು ಒಳ್ಳೇದೇ. ಇವಳು ಓದ್ತಾಳೆ, ಕುಣೀತಾಳೆ, ಮದುವೆ ಮಕ್ಕಳು ಎಲ್ಲಾ ಆಗತ್ತೆ."

"ಬಂದ್ರೆ ಏನ್ ಮಾಡ್ತೀರ?"

"ಮಾತ್ರೆ ಕೊಡ್ತೀವಿ. ದಿನಾ ತಗೊಬೇಕು, ಬಿಡೋ ಹಾಗಿಲ್ಲ. ಅಷ್ಟೇ."

"ಎಂಥ ಮಾತ್ರೆ?"

ಮುದುಕಿಗೆ ಧೈರ್ಯ ಬರಲಿ ಎಂದು ಡಾಕ್ಟರು ಮೇಜಿನ ಖಾನೆ ತೆಗೆದು ಹುಡುಕಿ ಮಾತ್ರೆಯ ಒಂದು ಪಟ್ಟಿ ಹೊರತೆಗೆದರು. ಒಂದು ಮಾತ್ರೆ ಬಿಡಿಸಿ ಆಂಜನಮ್ಮನ ಅಂಗೈಯಲ್ಲಿ ಇಟ್ಟರು. ಬಿಳಿಯದು, ಚಿಕ್ಕದು. ಆಂಜನಮ್ಮ ಅದನ್ನು ಬಹಳ ಹೊತ್ತು ನೋಡಿದರು.

"ಇಷ್ಟೇನಾ?"

"ಇಷ್ಟೇ ಅಜ್ಜಿ."

"ಭವ್ಯಂಗೂ ಇಷ್ಟೇ ಸಾಕಾಗಿತ್ತಾ ತಾಯಿ?"

ಪ್ರಿಯಂವದಾಗೆ ಸುಳ್ಳು ಹೇಳಬಹುದಾಗಿತ್ತು. ಅವರು ಮೂಲೆಯಲ್ಲಿ ಬೊಂಬೆಯ ಕೈ ತಿರುಗಿಸುತ್ತಿದ್ದ ಮಗುವಿನ ಕಡೆ ನೋಡಿದರು, ಮತ್ತೆ ಈ ಕಡೆ ನೋಡಿದರು.

"ಸಾಕಾಗಿತ್ತು" ಎಂದರು.

ಆಂಜನಮ್ಮ ತಲೆಯಾಡಿಸಿದರು. ಮಾತ್ರೆಯನ್ನು ಜೋಪಾನವಾಗಿ ಡಾಕ್ಟರ ಕೈಗೆ ಹಿಂದಿರುಗಿಸಿದರು. ಆಶ್ರಿತಾ ಬಂದು, ಹೋಗೋಣ ಎಂದು ಸೆರಗು ಎಳೆದಳು. ಏಳಲು ಹೋದವರು ಮತ್ತೆ ಅಲ್ಲೇ ಕೂತರು.